‘ಹೋದವರು ಏಕೆ ಬರುತ್ತಿಲ್ಲ?’: ತುರ್ಕಿಯ ಯೆಮನ್ ಶೋಕಗೀತೆಯನ್ನು ಕುರಿತ ಒಂದು ಪ್ರಶ್ನೆ

ಪ್ರಶ್ನೆ: ನಾನು ಧಾರವಾಡದವಳು. ಕೆಲವು ವರ್ಷಗಳಿಂದ ಕುಟುಂಬದೊಂದಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ ವಾಸಿಸುತ್ತಿದ್ದೇನೆ. ನಮ್ಮ ಬಡಾವಣೆಯ ಹಾಡುಗಾರರ ತಂಡದಲ್ಲಿ ತುರ್ಕಿ ಮೂಲದವರು ಹಲವರಿದ್ದಾರೆ. ಅವರು ಕಲಿಸಿದ ‘ಯೆಮನ್ ಹಾಡ’ನ್ನು ಮುಂದಿನ ಕಾರ್ಯಕ್ರಮದಲ್ಲಿ ಹಾಡುವುದೆಂದು ನಿಶ್ಚಯವಾಗಿದ್ದು, ಅದರ ಒಂದು ಚರಣವನ್ನು ಕನ್ನಡದಲ್ಲಿ ಹಾಡಬೇಕೆಂದು ನನ್ನನ್ನು ಕೇಳಿದ್ದಾರೆ. ಅರ್ಥ ಹುಡುಕಲು ಹೊರಟರೆ ಗೊಂದಲವೇ ಹೆಚ್ಚಾಯಿತು. ಇದು ಮದುವೆಯ ಹಾಡು ಎಂದು ಒಬ್ಬರು ಹೇಳಿದರೆ, ಗಲ್ಲಿಪೊಲಿ ಯುದ್ಧದ ಹಾಡು ಎಂದು ಇನ್ನೊಬ್ಬರು ಹೇಳುತ್ತಾರೆ. ಮದುವೆಯ ಮರುದಿನವೇ ದಂಡಿಗೆ ಹೋದ ಗಂಡನ ಕಥೆಯೊಂದನ್ನೂ ಓದಿದೆ. ‘ಇದು ಮುಶ್’ ಎಂದು ಹಾಡಬೇಕೋ ‘ಇದು ಹುಶ್’ ಎಂದು ಹಾಡಬೇಕೋ ಎಂಬ ವಿಷಯದಲ್ಲಿ ತುರ್ಕಿ ಗೆಳತಿಯರಲ್ಲೇ ವಾದ ನಡೆದಿದೆ. ಆ ಯುದ್ಧಗಳಲ್ಲಿ ತುರ್ಕರ ಎದುರಿಗೆ ನಿಂತವರಲ್ಲಿ ನಮ್ಮ ಭಾರತೀಯರೂ ಇದ್ದರೆಂದು ಕೇಳಿ, ನಾನು ಇದನ್ನು ಹಾಡುವುದು ಸರಿಯೇ ಎಂಬ ಅಳುಕು ಹುಟ್ಟಿದೆ. ಇದರ ಜೊತೆಗೆ ಅತ್ತೆಯವರು, ಸಾವಿನ ಹಾಡನ್ನು ಮನೆಯಲ್ಲಿ ಅಭ್ಯಾಸ ಮಾಡಬೇಡ ಎಂದು ಹೇಳಿದ್ದಾರೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಗೆಯ ಆತಂಕಗಳಿವೆ. ಹಾಡಿನ ನಿಜವಾದ ಅರ್ಥವೇನು, ಅದು ಎಲ್ಲಿಂದ ಬಂತು ಎಂಬುದು ಒಂದು. ಬೇರೆಯವರ ದುಃಖವನ್ನು ನಾವು ನಮ್ಮ ಭಾಷೆಯಲ್ಲಿ ಹಾಡಿದರೆ ಅವರಿಗೂ ನಮ್ಮ ಮನೆಯವರಿಗೂ ನೋವಾದೀತೇ ಎಂಬುದು ಇನ್ನೊಂದು. ಮೊದಲನೆಯದು ಸ್ಪಷ್ಟವಾದರೆ ಎರಡನೆಯದರ ಭಾರ ಬಹುಮಟ್ಟಿಗೆ ಇಳಿಯುತ್ತದೆ. ಆದ್ದರಿಂದ ಹಾಡಿನಲ್ಲಿ ಏನಿದೆ ಎಂಬುದನ್ನೇ ಮೊದಲು ನೋಡೋಣ.

ಮೊದಲ ಚರಣದ ಭಾವ ಹೀಗಿದೆ: ಆಗಸದಲ್ಲಿ ಮೋಡವಿಲ್ಲ, ಮತ್ತೆ ಇದೇನು ಹೊಗೆ? ಕೇರಿಯಲ್ಲಿ ಸಾವಾಗಿಲ್ಲ, ಮತ್ತೆ ಇದೇನು ಗೋಳು? ಆ ಯೆಮನ್ ನಾಡು ಎಷ್ಟು ಕಠಿಣವಾದದ್ದು! ಇದರ ಹಿಂದೆಯೇ ಪಲ್ಲವಿ ಬರುತ್ತದೆ: ಅಗೋ ಅದು ಯೆಮನ್, ಹೋದವರು ಬರುತ್ತಿಲ್ಲ, ಏಕಿರಬಹುದು? ಇದು ಮುಶ್, ಇದರ ದಾರಿ ಏರುದಾರಿ, ಹೋದವರು ಬರುತ್ತಿಲ್ಲ, ಇದೇನು ಸಂಗತಿ? (ಮುಶ್ ಎಂಬುದು ಪೂರ್ವ ತುರ್ಕಿಯ ಒಂದು ಊರು.) ಇನ್ನೊಂದು ಚರಣದಲ್ಲಿ ದಂಡಿನ ವಸತಿಯ ಮುಂದೆ ರೆದೀಫ್ ಎಂಬ ಮೀಸಲು ಪಡೆಯವರ ಸದ್ದು ಕೇಳುತ್ತದೆ. ಆ ಸೈನಿಕನ ಚೀಲದಲ್ಲಿ ಏನಿದೆ ನೋಡಿರಿ ಎಂದು ಹಾಡುವವಳು ಕೇಳುತ್ತಾಳೆ. ಅದರಲ್ಲಿರುವುದು ಒಂದು ಜೋಡು ಮೆಟ್ಟು ಮತ್ತು ಒಂದು ಫೆಜ್ ಟೊಪ್ಪಿಗೆ ಮಾತ್ರ.

ಈ ಸಾಲುಗಳಲ್ಲಿ ಶತ್ರುವಿನ ಹೆಸರಿಲ್ಲ, ಸುಲ್ತಾನನ ಹೆಸರಿಲ್ಲ, ಗೆಲುವು ಸೋಲುಗಳ ಮಾತಿಲ್ಲ, ಸತ್ತವನ ಹೆಸರೂ ಇಲ್ಲ. ಪ್ರಶ್ನೆಗಳಿವೆ, ಅಷ್ಟೆ. ಶೋಕಗೀತೆಗಳ ಪಾಠಾಂತರಗಳನ್ನು ಹೋಲಿಸುವ ಕೆಲಸದಲ್ಲಿ ಬಹುಕಾಲ ಕಳೆದ ನನಗೆ ಈ ಹಾಡಿನ ವೈಶಿಷ್ಟ್ಯ ಕಾಣುವುದು ಇಲ್ಲಿಯೇ. ತುರ್ಕಿಯಲ್ಲಿ ‘ಆಉತ್’ ಎಂದು ಕರೆಯುವ ಸಾವಿನ ಹಾಡನ್ನು ಸಾಮಾನ್ಯವಾಗಿ ಹೆಂಗಸರು ಹೆಣದ ಸುತ್ತ ಕೂತು, ಸತ್ತವನ ಹೆಸರು ಹಿಡಿದು, ಅವನ ಗುಣ ರೂಪಗಳನ್ನು ಎಣಿಸುತ್ತ ಹಾಡುತ್ತಾರೆ. ದಕ್ಷಿಣದ ಚುಕುರೋವಾ ಬಯಲಿನ ಸುತ್ತ ಸತ್ತವರ ಬಟ್ಟೆಗಳನ್ನು ಕೈಯಲ್ಲಿ ಹಿಡಿದು ಅಳುವ ಪದ್ಧತಿಯಿದೆ. ಆ ಪ್ರದೇಶದ ಶೋಕಗೀತೆಗಳನ್ನು ಕಾದಂಬರಿಕಾರ ಯಾಶಾರ್ ಕೆಮಾಲ್ ತಮ್ಮ ಎಳೆಯ ವಯಸ್ಸಿನಲ್ಲಿಯೇ ಸಂಗ್ರಹಿಸಿ 1943ರಲ್ಲಿ ಪ್ರಕಟಿಸಿದ್ದರು. ಯೆಮನ್ ಹಾಡಿನಲ್ಲಿ ಹೆಣವೇ ಇಲ್ಲ. ಕೇರಿಯಲ್ಲಿ ಸಾವಾಗಿಲ್ಲ ಎಂಬ ಮಾತು ಅಕ್ಷರಶಃ ನಿಜ, ಏಕೆಂದರೆ ಸಾವು ನಡೆದದ್ದು ಸಮುದ್ರದಾಚೆ. ಅದು ನಡೆದಿದೆಯೋ ಇಲ್ಲವೋ ಎಂಬುದು ಕೂಡ ಮನೆಯವರಿಗೆ ಖಚಿತವಿಲ್ಲ. ಆ ಚೀಲದ ಸಾಲು ನನಗೆ ಬಟ್ಟೆ ಹಿಡಿದು ಅಳುವ ಪದ್ಧತಿಯ ನೆರಳಿನಂತೆಯೇ ಕೇಳಿಸುತ್ತದೆ: ಮಣ್ಣು ಮಾಡಲು ದೇಹ ಸಿಗದ ಕಡೆ ಮೆಟ್ಟು ಮತ್ತು ಟೊಪ್ಪಿಗೆಗಳೇ ದೇಹದ ಜಾಗದಲ್ಲಿ ನಿಂತಿವೆ.

ಈಗ ನೀವು ಕೇಳಿದ ಒಂದೊಂದು ಮಾತಿಗೆ ಬರುತ್ತೇನೆ. ಇದು ಮದುವೆಯ ಹಾಡಲ್ಲ. ಆದರೆ ಆ ತಪ್ಪು ತಿಳಿವಳಿಕೆ ಹುಟ್ಟಲು ಕಾರಣವಿದೆ. ತುರ್ಕಿಯ ಏಷ್ಯಾ ಭಾಗವಾದ ಅನಾತೋಲಿಯಾದ ಪೂರ್ವದಲ್ಲಿ, ಎಲಾಜಿ, ಹಾರ್ಪುತ್ ಕಡೆ ಹಾಡುವ ಇನ್ನೊಂದು ಯೆಮನ್ ಹಾಡಿನಲ್ಲಿ ಮದುವೆಯ ಮಾತು ಬರುತ್ತದೆ: ವಾದ್ಯ ನುಡಿಯಿತೆಂದು ಮದುವೆ ಎಂದುಕೊಂಡೆಯಾ? ಕೆಂಪು ಹಸಿರಿನ ಬಾವುಟ ಕಂಡು ಮದುಮಗಳು ಎಂದುಕೊಂಡೆಯಾ? ಯೆಮನ್‌ಗೆ ಹೋದವನು ಬರುತ್ತಾನೆ ಎಂದುಕೊಂಡೆಯಾ? ದಂಡು ಹೊರಡುವಾಗ ಬಾರಿಸುವ ವಾದ್ಯ, ಹಿಡಿಯುವ ಬಾವುಟ ಎರಡೂ ಮದುವೆಯ ದಿಬ್ಬಣವನ್ನು ನೆನಪಿಸುತ್ತವೆ. ಆ ಸಂಭ್ರಮವನ್ನು ನಂಬಿ ಮೋಸಹೋಗಬೇಡ ಎಂದು ಹಾಡು ಎಚ್ಚರಿಸುತ್ತಿದೆ. ಭಾಷೆ ಅರೆಬರೆ ತಿಳಿದವರ ಕಿವಿಗೆ ‘ಮದುವೆ’, ‘ಮದುಮಗಳು’ ಎಂಬ ಪದಗಳಷ್ಟೇ ಬಿದ್ದರೆ ಅರ್ಥ ತಿರುವುಮುರುವಾಗುತ್ತದೆ. ಎರಡು ಹಾಡುಗಳ ಚರಣಗಳನ್ನು ಬೆರೆಸಿ ಹಾಡುವ ರೂಢಿಯೂ ಇರುವುದರಿಂದ ನಿಮ್ಮ ತಂಡದ ಪಾಠದಲ್ಲಿ ಯಾವ ಚರಣಗಳಿವೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಇದು ಗಲ್ಲಿಪೊಲಿಯ ಹಾಡೂ ಅಲ್ಲ. ಆ ಕದನ ನಡೆದದ್ದು ಮೊದಲ ಮಹಾಯುದ್ಧದಲ್ಲಿ, ತುರ್ಕಿಯ ನೆಲದಲ್ಲಿಯೇ. ಸಾಲುಗಳು ಯೆಮನ್ ಎಂದು ನೇರವಾಗಿ ಹೇಳುತ್ತವೆ. ಕಾಲವನ್ನು ಊಹಿಸಲು ಒಳಗಿನ ಸುಳಿವುಗಳೂ ಇವೆ. ರೆದೀಫ್ ಎಂಬುದು ಒಟ್ಟೋಮನ್ ಸಾಮ್ರಾಜ್ಯದಲ್ಲಿ, ಅಂದರೆ ಆಗಿನ ತುರ್ಕಿ ಸುಲ್ತಾನರ ಸಾಮ್ರಾಜ್ಯದಲ್ಲಿ, 1834ರಲ್ಲಿ ಹುಟ್ಟಿದ ಮೀಸಲು ಪಡೆ. ಅಂದರೆ ಮೊದಲ ಸೇವೆ ಮುಗಿಸಿ ಊರಿಗೆ ಮರಳಿ, ಹೊಲಮನೆ ನೋಡಿಕೊಳ್ಳುತ್ತಿದ್ದ ಗಂಡಸರನ್ನು ಬೇಕಾದಾಗ ಮತ್ತೆ ಕರೆಸಿಕೊಳ್ಳುವ ವ್ಯವಸ್ಥೆ. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಅದನ್ನು ರದ್ದುಪಡಿಸಲಾಗಿತ್ತು. ಆ ಯುದ್ಧದ ಹೊತ್ತಿಗೆ ಸೈನಿಕನ ತಲೆಯ ಮೇಲೆ ಫೆಜ್‌ಗೆ ಬದಲು ಬಟ್ಟೆ ಸುತ್ತಿದ ಬೇರೆ ಬಗೆಯ ಟೊಪ್ಪಿಗೆ ಬಂದಿತ್ತು. ಆದ್ದರಿಂದ ಹಾಡಿನ ಹುಟ್ಟನ್ನು ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯದರ ಮೊದಲ ವರ್ಷಗಳ ನಡುವೆ ಇಡುವುದು ಹೆಚ್ಚು ಸಮಂಜಸ. ಜನಪದ ಹಾಡು ಹಳೆಯ ಪದಗಳನ್ನು ಹೊಸ ದುಃಖಕ್ಕೂ ಬಳಸಿಕೊಳ್ಳುತ್ತದೆಯಾದ್ದರಿಂದ ಇಷ್ಟನ್ನು ಬಿಟ್ಟು ಇಂಥದೇ ವರ್ಷ ಎಂದು ಹೇಳುವವರನ್ನು ನಂಬಬೇಕಾಗಿಲ್ಲ.

ಮದುವೆಯ ಮರುದಿನ ದಂಡಿಗೆ ಹೋದ ಗಂಡನ ಕಥೆಯ ಬಗ್ಗೆ ಇದೇ ಎಚ್ಚರ ಇರಲಿ. ಅಂಥ ಘಟನೆಗಳು ನಡೆದಿರುವುದು ತೀರ ಸಂಭವನೀಯ. ಆದರೆ ಮುಶ್‌ನ ಪಾಠದಲ್ಲಿ ಮದುಮಗಳಿಲ್ಲ, ಮಗ್ಗುಲ ಹಾಸಿಗೆಯ ಮಾತಿಲ್ಲ. ಹಾಡುವವಳು ಹೆಂಡತಿಯೋ ತಾಯಿಯೋ ತಂಗಿಯೋ ಎಂಬುದನ್ನೂ ಅದು ಹೇಳುವುದಿಲ್ಲ. ತುರ್ಕಿಯ ಪ್ರಸಿದ್ಧ ಹಾಡುಗಳಿಗೆಲ್ಲ ಒಂದೊಂದು ‘ಹಿಂದಿನ ಕಥೆ’ ಜೋಡಿಸುವ ಬಹಳ ದೊಡ್ಡ ಚಾಳಿಯಿದೆ. ಕೇಳುವವರಿಗೆ ಅದು ಬೇಕಾಗಿರುತ್ತದೆ, ವೇದಿಕೆಯ ಮೇಲೆ ಹೇಳಲು ಅನುಕೂಲವಾಗಿರುತ್ತದೆ. ಇಲ್ಲಿ ಆ ಕಥೆ ಹಾಡನ್ನು ಕುಗ್ಗಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಡೀ ಕೇರಿ ಕೇಳುತ್ತಿರುವ ಪ್ರಶ್ನೆಯನ್ನು ಅದು ಒಂದು ದಂಪತಿಯ ಮಲಗುವ ಕೋಣೆಗೆ ತಂದು ಕಟ್ಟಿಹಾಕುತ್ತದೆ.

ಹಾಗಾದರೆ ಹೋದವರು ಏಕೆ ಬರಲಿಲ್ಲ? ಇದಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಆ ಉತ್ತರ ತಿಳಿಯದೆ ಹಾಡನ್ನು ಹಾಡಿದರೆ ಅದು ಬರಿಯ ಕರುಣರಸದ ರಾಗವಾಗಿ ಉಳಿದುಬಿಡುತ್ತದೆ. ಒಟ್ಟೋಮನ್ನರು ಯೆಮನ್‌ಗೆ ಮೊದಲು ಕಾಲಿಟ್ಟದ್ದು 1538ರಲ್ಲಿ; ಸುಮಾರು ನೂರು ವರ್ಷದ ಬಳಿಕ ಅಲ್ಲಿನ ಜೈದಿ ಎಂಬ ಶಿಯಾ ಪಂಥದ ಧರ್ಮಗುರುಗಳೂ ಆಳುವವರೂ ಆಗಿದ್ದ ಇಮಾಮರು ಅವರನ್ನು ಹೊರಗಟ್ಟಿದರು. ಹಾಡಿನ ನೋವು ಎರಡನೆಯ ಬಾರಿಯದು. 1849ರಲ್ಲಿ ಒಟ್ಟೋಮನ್ ಪಡೆ ಕೆಂಪು ಸಮುದ್ರದ ಕರಾವಳಿಗೆ ಮರಳಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಸ್ತಾಂಬುಲ್‌ನಿಂದ ನೇರವಾಗಿ ಹಡಗಿನಲ್ಲಿ ಸೈನ್ಯ ಕಳಿಸುವುದು ಸುಲಭವಾಯಿತು. 1872ರಲ್ಲಿ ಅಹ್ಮದ್ ಮುಖ್ತಾರ್ ಪಾಷಾ ಬೆಟ್ಟದ ಮೇಲಿನ ಸನಾ ನಗರವನ್ನು ಹಿಡಿದರು. ಹಿಡಿದದ್ದನ್ನು ಉಳಿಸಿಕೊಳ್ಳುವುದು ಮಾತ್ರ ಆಗಲಿಲ್ಲ. 1891ರಲ್ಲಿ ದೊಡ್ಡ ದಂಗೆಯಾಯಿತು. 1904ರಲ್ಲಿ ಇಮಾಮರಾದ ಯಹ್ಯಾ ಅವರ ನೇತೃತ್ವದ ಬಂಡಾಯದಲ್ಲಿ 1905ರ ಹೊತ್ತಿಗೆ ಸನಾ ಕೈಬಿಟ್ಟು ಮತ್ತೆ ಕೈಸೇರಿತು. 1911ರಲ್ಲಿ ಮತ್ತೊಮ್ಮೆ ಮುತ್ತಿಗೆ ನಡೆದು, ಆ ವರ್ಷವೇ ಇಮಾಮರೊಡನೆ ಒಪ್ಪಂದವಾಯಿತು. ಒಂದೊಂದು ದಂಗೆಗೂ ಅನಾತೋಲಿಯಾದ ಹಳ್ಳಿಗಳಿಂದ ಹೊಸ ಪಡೆಗಳು ಹೋಗಬೇಕಾಗುತ್ತಿತ್ತು.

ಅಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಗುಂಡಲ್ಲ, ರೋಗ. ಹೊದೈದಾ ಬಂದರಿನಲ್ಲಿ ಇಳಿದವರು ಮೊದಲು ದಾಟಬೇಕಾದದ್ದು ತಿಹಾಮಾ ಎಂಬ ಸುಡುವ, ತೇವದ ಕರಾವಳಿ ಬಯಲನ್ನು. ಅಲ್ಲಿ ಮಲೇರಿಯಾ ಕಾದಿರುತ್ತಿತ್ತು. ಅದನ್ನು ದಾಟಿದರೆ ಎರಡು ಸಾವಿರ ಮೀಟರ್‌ಗೂ ಎತ್ತರದ ಬೆಟ್ಟಗಳು, ಕಡಿದಾದ ಕಣಿವೆಗಳು, ನೀರಿನ ಕೊರತೆ, ಕಾಲರಾ, ಆಮಶಂಕೆ. ಚಳಿಯ ಮೇಲ್ನಾಡಾದ ಮುಶ್‌ನಲ್ಲಿ, ಹಿಮ ಬೀಳುವ ಊರಿನಲ್ಲಿ ಬೆಳೆದ ರೈತನ ಮಗನ ದೇಹ ಇದಕ್ಕೆ ಸಿದ್ಧವಿರಲಿಲ್ಲ. ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯುತ್ತಿತ್ತು. ಸೇವೆಯ ಅವಧಿ ಮುಗಿದವರನ್ನೂ ಬದಲಿ ಪಡೆ ಬರಲಿಲ್ಲವೆಂದು ಉಳಿಸಿಕೊಳ್ಳುತ್ತಿದ್ದರು. ಬದುಕಿದ್ದವನೂ ಮನೆಯವರ ಪಾಲಿಗೆ ಸತ್ತವನಂತೆಯೇ ಆಗುತ್ತಿದ್ದ. ಒಟ್ಟೋಮನ್ನರು ಕಟ್ಟಿದ ಹಿಜಾಜ್ ರೈಲು 1908ರಲ್ಲಿ ಮದೀನಾ ತಲುಪಿತಾದರೂ ಯೆಮನ್‌ವರೆಗೆ ಅದು ಎಂದೂ ಹೋಗಲಿಲ್ಲ. ಓದುಬರಹ ಬಾರದ ಹಳ್ಳಿಗೆ ಕಾಗದ ಬರುವುದು ಅಪರೂಪ. ಸಾವಿನ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ವ್ಯವಸ್ಥೆ ಇರಲಿಲ್ಲ. ಆದ್ದರಿಂದಲೇ ‘ಏಕಿರಬಹುದು’ ಎಂಬುದು ಕಾವ್ಯದ ಅಲಂಕಾರವಲ್ಲ. ನಿಜವಾಗಿ ಅವರಿಗೆ ಯಾರೂ ತಿಳಿಸಿರಲಿಲ್ಲ. ಮಹಾಯುದ್ಧದ ಕೊನೆಗೆ, 1918ರ ಅಕ್ಟೋಬರ್ 30ರ ಕದನವಿರಾಮದ ಬಳಿಕ, ಅಲ್ಲಿ ಉಳಿದಿದ್ದ ಪಡೆಗಳು ಶಸ್ತ್ರ ಕೆಳಗಿಟ್ಟವು. ಯೆಮನ್‌ನಲ್ಲಿ ಮಡಿದ ಸೈನಿಕರಿಗೆ ತುರ್ಕಿ ಸನಾದಲ್ಲಿ ಸ್ಮಾರಕ ಕಟ್ಟಿ ತೆರೆದದ್ದು 2011ರಲ್ಲಿ.

ಇನ್ನು ಮುಶ್ ಮತ್ತು ಹುಶ್‌ಗಳ ವಾದ. ಹುಶ್ ಎನ್ನುವವರ ತರ್ಕ ಹೀಗಿದೆ: ಯೆಮನ್‌ನಲ್ಲಿ ಸೈನಿಕರು ಬೀಡುಬಿಟ್ಟಿದ್ದ ಆ ಹೆಸರಿನ ಜಾಗವೊಂದಿತ್ತು, ಮುಶ್ ಊರಿರುವುದು ವಿಶಾಲ ಬಯಲಿನಲ್ಲಿ, ಅಲ್ಲಿ ಏರುದಾರಿ ಎಲ್ಲಿಂದ ಬರಬೇಕು, ಆದ್ದರಿಂದ ಮೂಲಪದ ಹುಶ್ ಇರಬೇಕು. ಕೇಳಲು ಬುದ್ಧಿವಂತಿಕೆಯ ಮಾತಾದ್ದರಿಂದ ಹಲವು ಗಾಯಕರು ಇದನ್ನು ಒಪ್ಪಿಕೊಂಡರು, ಮುಶ್‌ನವರು ನೊಂದುಕೊಂಡರು. ನಾನು ಮುಶ್ ಎಂಬ ಪಾಠದ ಪರವಾಗಿದ್ದೇನೆ. ಮುಶ್ ನಗರದ ಮುಂದೆ ಬಯಲು ಚಾಚಿಕೊಂಡಿರುವುದು ನಿಜ, ಆದರೆ ನಗರ ಇರುವುದು ಕುರ್ತಿಕ್ ಬೆಟ್ಟದ ಇಳಿಜಾರಿನ ಮೇಲೆ. ಅಲ್ಲಿ ಏರುದಾರಿಗೆ ಕೊರತೆಯಿಲ್ಲ. ಇದಕ್ಕಿಂತ ಮುಖ್ಯವಾದದ್ದು ಹಾಡಿನ ಒಳಗಿನ ಸಾಕ್ಷಿ. ಹಾಡು ಯೆಮನ್ ಅನ್ನು ಪ್ರತಿ ಬಾರಿಯೂ ‘ಆ’, ‘ಅಗೋ’ ಎಂದು ದೂರದ ಬೆರಳಿನಿಂದ ತೋರಿಸುತ್ತದೆ. ಏರುದಾರಿಯ ಊರನ್ನು ‘ಇಲ್ಲಿ’, ‘ಇದು’ ಎಂದು ಹತ್ತಿರದಿಂದ ತೋರಿಸುತ್ತದೆ. ‘ಹೋದವರು ಬರುತ್ತಿಲ್ಲ’ ಎಂಬುದು ಮನೆಯಲ್ಲಿ ಉಳಿದವರ ಮಾತು. ಯೆಮನ್‌ನಲ್ಲಿ ನಿಂತವನು ‘ಬಂದವರು ಹಿಂದಿರುಗುತ್ತಿಲ್ಲ’ ಎಂದು ಹೇಳಬೇಕಿತ್ತು. ಕೇರಿ, ಗೋಳು, ದಂಡಿನ ವಸತಿಯ ಮುಂದಿನ ಸದ್ದು, ಎಲ್ಲವೂ ಊರಿನ ದೃಶ್ಯಗಳೇ. ತುರ್ಕಿಯ ಸರ್ಕಾರಿ ಪ್ರಸಾರ ಸಂಸ್ಥೆ ಟಿಆರ್‌ಟಿಯ ಜನಪದ ಗೀತೆಗಳ ಪಟ್ಟಿಯಲ್ಲಿಯೂ ಈ ಹಾಡು ಮುಶ್ ಪ್ರದೇಶದ್ದೆಂದೇ ದಾಖಲಾಗಿದೆ.

ಮುಶ್ ಅನ್ನು ಪರಿಚಯಿಸುವಾಗ ಒಂದು ಎಚ್ಚರಿಕೆ ಅಗತ್ಯ. ಆ ಕಾಲದ ಮುಶ್‌ನಲ್ಲಿ ತುರ್ಕರು, ಕುರ್ದರು, ಅರ್ಮೇನಿಯನ್ನರು ಎಲ್ಲರೂ ಇದ್ದರು. 1915ರಲ್ಲಿ ಅದೇ ಬಯಲಿನ ಅರ್ಮೇನಿಯನ್ ಹಳ್ಳಿಗಳು ನರಮೇಧಕ್ಕೆ ಸಿಕ್ಕಿ ನಾಶವಾದವು. ಸ್ಟುಟ್‌ಗಾರ್ಟ್‌ನ ಸಭಾಂಗಣದಲ್ಲಿ ಈ ಎಲ್ಲ ಜನರ ಮೊಮ್ಮಕ್ಕಳೂ ಕುಳಿತಿರಬಹುದು. ಹಾಡನ್ನು ಯಾವ ರಾಷ್ಟ್ರದ ಹೆಮ್ಮೆಯಾಗಿಯೂ ಘೋಷಿಸದೆ, ಮುಶ್ ಊರಿನ ಹಾಡೆಂದು ಪರಿಚಯಿಸಿದರೆ ಸಾಕು.

ಎದುರಿಗೆ ನಮ್ಮವರಿದ್ದರೇ ಎಂಬ ಪ್ರಶ್ನೆಗೆ ಉತ್ತರ, ಇದ್ದರು ಎಂಬುದೇ. ಯೆಮನ್‌ನ ದಕ್ಷಿಣ ಕರಾವಳಿಯ ಏಡನ್ ಬಂದರು 1839ರಿಂದ ಬ್ರಿಟಿಷರ ವಶದಲ್ಲಿತ್ತು, 1932ರವರೆಗೆ ಮುಂಬಯಿ ಪ್ರಾಂತದ ಆಡಳಿತದಲ್ಲಿತ್ತು. ನಿಮ್ಮ ಧಾರವಾಡವೂ ಆಗ ಅದೇ ಪ್ರಾಂತದ ಜಿಲ್ಲೆ. 1915ರಲ್ಲಿ ಅಲಿ ಸೈದ್ ಪಾಷಾ ಅವರ ಒಟ್ಟೋಮನ್ ಪಡೆ ಏಡನ್‌ಗೆ ಹತ್ತಿರದ ಲಹೇಜ್ ಅನ್ನು ಹಿಡಿದಾಗ ಬಂದರನ್ನು ಕಾಯ್ದವರಲ್ಲಿ ಭಾರತೀಯ ಸೈನಿಕರಿದ್ದರು. ಯೆಮನ್‌ನಿಂದ ದೂರದ ಇನ್ನೊಂದು ರಣರಂಗದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಜೋಧಪುರದ ಕುದುರೆ ಪಡೆಯೊಂದಿಗೆ ಹೈಫಾ ನಗರವನ್ನು ಒಟ್ಟೋಮನ್ನರಿಂದ ಗೆದ್ದರು. ಅದರ ಸ್ಮಾರಕ ಬೆಂಗಳೂರಿನಲ್ಲಿದೆ. ಆದರೆ ನಿಮ್ಮ ಹಾಡು ಈ ಘಟನೆಗಳಿಗಿಂತ ಹಳೆಯದಾಗಿರುವ ಸಾಧ್ಯತೆಯೇ ಹೆಚ್ಚು, ಅದರಲ್ಲಿ ಭಾರತೀಯರ ಸುಳಿವಿಲ್ಲ, ಅರಬರ ಮೇಲೆಯೂ ದ್ವೇಷದ ಮಾತಿಲ್ಲ. ಇಲ್ಲಿ ನೀವು ಅಳುಕಬೇಕಾದದ್ದೇನೂ ಇಲ್ಲ.

ಅತ್ತೆಯವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಉತ್ತರ ಕರ್ನಾಟಕದಲ್ಲಿ ಹೆಣದ ಮುಂದೆ ಹಾಡಿಕೊಂಡು ಅಳುವ ಹೆಂಗಸರ ಹಾಡುಗಳನ್ನು ಧ್ವನಿಮುದ್ರಿಸಲು ಕೇಳಿದಾಗ, ಮನೆಯೊಳಗೆ ಹಾಡಲು ಒಪ್ಪದೆ ಹೊಲದ ಬದುವಿನಲ್ಲಿ ಕೂತು ಹಾಡಿದವರಿದ್ದಾರೆ. ಆ ಹಾಡಿಗೆ ಅದರದೇ ಆದ ಸಮಯ, ಜಾಗ ಇದೆ ಎಂಬ ತಿಳಿವಳಿಕೆ ಅದು. ಅನಾತೋಲಿಯಾದಲ್ಲಿಯೂ ಸಾವಿನ ಮನೆಯ ಹಾಡು ಬೇರೆ, ನಾಲ್ಕು ಜನ ಕೂಡಿದಲ್ಲಿ ಹಾಡುವ ‘ತುರ್ಕು’ ಎಂಬ ಜನಪದ ಹಾಡು ಬೇರೆ. ಯೆಮನ್ ಹಾಡು ಅಳುವಿನಿಂದ ಹುಟ್ಟಿ, ಬಹಳ ಹಿಂದೆಯೇ ಕೂಟದ ಹಾಡಾಗಿದೆ. ಮುಜಫ್ಫೆರ್ ಸಾರಿಸೋಝೆನ್ ಅವರಂಥ ಸಂಗ್ರಾಹಕರು 1937ರಿಂದ ಹಲವು ವರ್ಷ ಊರೂರು ತಿರುಗಿ ಹಾಡುಗಳನ್ನು ಅಂಕಾರಾದ ಸಂಗೀತ ಶಾಲೆಯ ಸಂಗ್ರಹಕ್ಕೂ ರೇಡಿಯೋಗೂ ತಂದ ಮೇಲೆ ಇಂಥ ಹಾಡುಗಳು ಇಡೀ ದೇಶದ ಬಾಯಿಗೆ ಬಂದವು. ಇದನ್ನು ಅತ್ತೆಯವರಿಗೆ ತಿಳಿಸಿ ನೋಡಿ. ಒಪ್ಪದಿದ್ದರೆ ವಾದಿಸದೆ ಅಭ್ಯಾಸವನ್ನು ತಂಡದ ಜಾಗದಲ್ಲಿಯೇ ಮಾಡಿ. ಮೊಹರಂನಲ್ಲಿ ನಮ್ಮ ಕಡೆ ಹಿಂದೂ ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳನ್ನು ಅವರೂ ಕೇಳಿರುತ್ತಾರೆ. ದೂರದ ಕರ್ಬಲಾದಲ್ಲಿ 680ರಲ್ಲಿ ನಡೆದ ಸಾವುಗಳಿಗೆ ಕನ್ನಡದಲ್ಲಿ ಕಣ್ಣೀರಿಡುವ ಪರಂಪರೆ ನಮ್ಮಲ್ಲೇ ಇರುವಾಗ, ಯೆಮನ್‌ನ ಸಾವುಗಳು ಕನ್ನಡಕ್ಕೆ ಹೊರಗಿನವು ಎಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು, ಪೂರ್ತಿ ತುರ್ಕಿಯಲ್ಲಿಯೇ ಹಾಡಿ, ಹಾಡಿಗೆ ಮೊದಲು ಕನ್ನಡದಲ್ಲಿಯೂ ಜರ್ಮನ್‌ನಲ್ಲಿಯೂ ನಾಲ್ಕು ವಾಕ್ಯಗಳ ಪರಿಚಯ ಕೊಡುವುದು. ಇದರಲ್ಲಿ ಅಪಾಯ ಕಡಿಮೆ. ಆದರೆ ತಂಡ ನಿಮ್ಮಿಂದ ಬಯಸಿದ್ದು ಇದಲ್ಲ. ಎರಡನೆಯದು, ಕನ್ನಡ ಚರಣವನ್ನು ಹಾಡದೆ, ಹಿನ್ನೆಲೆಯಲ್ಲಿ ಬಾಗ್ಲಮಾ ಎಂಬ ತುರ್ಕಿಯ ತಂತಿವಾದ್ಯ ನುಡಿಯುತ್ತಿರುವಾಗ ಓದುವುದು. ಅರ್ಥ ಸ್ಪಷ್ಟವಾಗಿ ತಲುಪುತ್ತದೆ, ಆದರೆ ಓದುವ ಧ್ವನಿ ನಾಟಕೀಯವಾದರೆ ಹಾಡಿನ ಸಂಯಮ ಕೆಡುತ್ತದೆ. ಮೂರನೆಯದು, ಅದೇ ಧಾಟಿಯಲ್ಲಿ ಕನ್ನಡವನ್ನು ಹಾಡುವುದು. ಕಷ್ಟ ಹೆಚ್ಚು, ಆದರೂ ನಾನು ನಿಮಗೆ ಹೇಳುವುದು ಇದನ್ನೇ.

ಕಷ್ಟಗಳು ಎಲ್ಲಿವೆ ಎಂದು ಮೊದಲೇ ತಿಳಿದಿರಲಿ. ಮೂಲದ ಚರಣದ ಸಾಲುಗಳು ಹನ್ನೊಂದು ಉಚ್ಚಾರಾಂಶಗಳವು, ಆರರ ಬಳಿಕ ನಿಂತು ಐದು. ಪಲ್ಲವಿ ಐದು ಐದಾಗಿ ಒಡೆಯುತ್ತದೆ. ತ್ರಿಪದಿಯ ಲಯ ನಮ್ಮ ನಾಲಿಗೆಗೆ ಸಹಜವೆಂದು ಅದಕ್ಕೆ ಎಳೆದರೆ ಧಾಟಿ ಮುರಿಯುತ್ತದೆ. ಅರ್ಥ ಸ್ವಲ್ಪ ಬಿಟ್ಟರೂ ಚಿಂತೆಯಿಲ್ಲ, ಆರು ಐದರ ನಿಲುಗಡೆಯನ್ನು ಬಿಡಬೇಡಿ. ಬಾಗ್ಲಮಾದ ಮೆಟ್ಟಿಲುಗಳಲ್ಲಿ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಬೀಳುವ ಸ್ವರಗಳಿರುವುದರಿಂದ ಕೀಬೋರ್ಡ್ ಹಿಡಿದು ಕಲಿಯದೆ, ಗೆಳತಿಯರ ಕಂಠದಿಂದಲೇ ಕಲಿಯಿರಿ. ಇಂಥ ರಾಗ ಎಂದು ಹೆಸರಿಟ್ಟುಕೊಂಡರೆ ನಿಮ್ಮ ಗಂಟಲು ತಾನಾಗಿ ಆ ರಾಗದ ಗಮಕಗಳನ್ನು ಸೇರಿಸಿಬಿಡುತ್ತದೆ.

ಪದಗಳ ಆಯ್ಕೆಯಲ್ಲಿ ಇರುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಹುತಾತ್ಮ, ವೀರಸ್ವರ್ಗ, ತಾಯ್ನಾಡು, ಬಲಿದಾನ ಎಂಬ ಪದಗಳು ಕನ್ನಡದಲ್ಲಿ ತಾವಾಗಿಯೇ ಓಡಿಬರುತ್ತವೆ. ಮೂಲದಲ್ಲಿ ಅಂಥ ಒಂದು ಪದವೂ ಇಲ್ಲ. ಅವು ಒಳಗೆ ಬಂದ ಕ್ಷಣ ಪ್ರಶ್ನೆಗೆ ಉತ್ತರ ಸಿಕ್ಕಂತಾಗಿ, ಹಾಡು ಸರ್ಕಾರಿ ಶ್ರದ್ಧಾಂಜಲಿಯಾಗುತ್ತದೆ. ನಿಮ್ಮ ಧಾರವಾಡದ ಮಾತಿನಲ್ಲಿ, ಕಟ್ಟೆಯ ಮೇಲೆ ಕೂತ ಹೆಂಗಸು ದಾರಿ ನೋಡುತ್ತ ಕೇಳುವಷ್ಟು ಸರಳವಾಗಿ ‘ಹೋದವರು ಬರಲಿಲ್ಲ, ಯಾಕಿರಬೇಕು’ ಎಂದು ಕೇಳಿ, ಮುಶ್ ಮತ್ತು ಯೆಮನ್ ಹೆಸರುಗಳನ್ನು ಹಾಗೆಯೇ ಉಳಿಸಿ. ಧಾರವಾಡವನ್ನು ಮುಶ್‌ನ ಜಾಗದಲ್ಲಿ ಇಡುವ ಆಸೆ ಬಂದರೆ ಅದನ್ನು ತಡೆಯಿರಿ. ಹೀಗೆ ಹೋದವರು ಅವರ ಮಕ್ಕಳು, ಆ ಊರಿನವರು.

ಚರಣ ಸಿದ್ಧವಾದ ಮೇಲೆ, ಕಾರ್ಯಕ್ರಮಕ್ಕೆ ಮುಂಚೆ, ಅದರ ಅರ್ಥವನ್ನು ತಂಡದ ಹಿರಿಯ ತುರ್ಕಿ ಹೆಂಗಸರೊಬ್ಬರಿಗೆ ಒಂದೊಂದು ಸಾಲಾಗಿ ಹೇಳಿ ಒಪ್ಪಿಗೆ ಕೇಳಿ. ಅವರ ಮನೆತನದಲ್ಲಿಯೇ ಯೆಮನ್‌ಗೆ ಹೋದವರು ಇದ್ದಿರಬಹುದು. ತಂಡದ ನಿರ್ದೇಶಕರಿಗೂ ಒಂದು ಮಾತು ಹೇಳಿಡಿ: ಈ ಹಾಡಿನ ಬೆನ್ನಿಗೇ ಕುಣಿತದ ಹಾಡನ್ನು ಇಡದೆ, ನಡುವೆ ವಾದ್ಯ ಸಂಗೀತ ಇಲ್ಲವೆ ವಿರಾಮ ಬರುವಂತೆ ಕ್ರಮ ಜೋಡಿಸಲಿ.